‘ಕಾರ್ಯಸಾಧ್ಯವಲ್ಲದಿದ್ದಲ್ಲಿ’: ಭಯೋತ್ಪಾದನಾ ನಿಗ್ರಹದ ಕಾನೂನಿನಲ್ಲಿ ಆರೋಪಿಯ ನುಡಿ

1

ಭದ್ರತೆ ಮತ್ತು ಪೌರಸ್ವಾತಂತ್ರ್ಯಗಳ ಸಂಬಂಧವನ್ನು ಹೇಳುವಾಗ ಶಾಸಕರು, ನ್ಯಾಯಾಧೀಶರು, ವಿದ್ವಾಂಸರು ಹೆಚ್ಚಾಗಿ ತಕ್ಕಡಿಯ ರೂಪಕವನ್ನು ಬಳಸುತ್ತಾರೆ. ಒಂದು ತಟ್ಟೆಯಲ್ಲಿ ರಾಷ್ಟ್ರದ ಸುರಕ್ಷತೆ, ಇನ್ನೊಂದರಲ್ಲಿ ವ್ಯಕ್ತಿಯ ಹಕ್ಕು. ಅಪಾಯ ಹೆಚ್ಚಿದಾಗ ಹಕ್ಕಿನ ತಟ್ಟೆಯಿಂದ ಸ್ವಲ್ಪ ತೆಗೆಯಬೇಕು, ಅಪಾಯ ಇಳಿದಾಗ ಮರಳಿ ಇಡಬೇಕು ಎಂಬುದು ಇದರ ತರ್ಕ. ರಾಜಕೀಯ ತತ್ತ್ವಜ್ಞ ಜೆರೆಮಿ ವಾಲ್ಡ್ರನ್ 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ರೂಪಕವನ್ನೇ ಪ್ರಶ್ನಿಸಿದರು. ಎಲ್ಲರೂ ತಮ್ಮ ಸ್ವಾತಂತ್ರ್ಯದ ಒಂದಿಷ್ಟನ್ನು ಬಿಟ್ಟು ಎಲ್ಲರೂ ಸುರಕ್ಷತೆಯನ್ನು ಪಡೆಯುತ್ತಾರೆ ಎಂಬ ಭಾವನೆಯನ್ನು ತಕ್ಕಡಿ ಹುಟ್ಟಿಸುತ್ತದೆ. ವಾಸ್ತವದಲ್ಲಿ ಕೆಲವರ ಸ್ವಾತಂತ್ರ್ಯ ಹೋಗಿ ಬಹುಜನರಿಗೆ ಸುರಕ್ಷತೆ ದೊರೆಯುತ್ತದೆ ಎಂಬುದು ಅವರ ವಾದದ ಒಂದು ಮುಖ್ಯ ಎಳೆ.

ಆ ‘ಕೆಲವರು’ ಯಾರೆಂಬ ಪ್ರಶ್ನೆಗೆ ಧರ್ಮ, ಬುಡಕಟ್ಟು, ರಾಜಕೀಯ ನಿಲುವುಗಳ ಮೂಲಕ ಉತ್ತರಿಸುವ ಅಧ್ಯಯನಗಳು ಸಾಕಷ್ಟಿವೆ. ಭಾಷೆಯ ಮೂಲಕ ಉತ್ತರಿಸುವ ಪ್ರಯತ್ನ ವಿರಳ. ಭಾರತದ ಭಯೋತ್ಪಾದನಾ ನಿಗ್ರಹ ಕಾನೂನುಗಳನ್ನು ಗಡಿನಾಡಿನ ಕಣ್ಣಿನಿಂದ ಪಠ್ಯಗಳಾಗಿ ಓದಿದರೆ, ಸ್ವಾತಂತ್ರ್ಯ ಮೊದಲು ಸೋರುವುದು ದೊಡ್ಡ ಕಲಮುಗಳಲ್ಲಲ್ಲ, ಆರೋಪಿಯ ಮಾತು ಬರಹವಾಗುವ ಗಳಿಗೆಯಲ್ಲಿ ಎಂಬುದು ಕಾಣುತ್ತದೆ. ಅಲ್ಲಿ ಎರಡು ತಟ್ಟೆಗಳಿಲ್ಲ. ಒಬ್ಬನ ಬಾಯಿ ಮತ್ತು ಇನ್ನೊಬ್ಬನ ಲೇಖನಿ ಇವೆ. ಅವೆರಡರ ನಡುವಿನ ಅಂತರವನ್ನು ಶಾಸನ ಹೇಗೆ ನಿರ್ವಹಿಸಿದೆ ಎಂಬುದೇ ಇಲ್ಲಿನ ಪರಿಶೀಲನೆಯ ವಸ್ತು.

2

1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿರಲಿಲ್ಲ. ವಸಾಹತು ಸರ್ಕಾರವೂ ತನ್ನ ಪೊಲೀಸರ ಮೇಲೆ ಇಡದ ಈ ನಂಬಿಕೆಯನ್ನು ಸ್ವತಂತ್ರ ಭಾರತದ ಸಂಸತ್ತು 1987ರಲ್ಲಿ ಇಟ್ಟಿತು. ಟಾಡಾ ಎಂದು ಪ್ರಸಿದ್ಧವಾದ ಭಯೋತ್ಪಾದಕ ಮತ್ತು ವಿಚ್ಛಿದ್ರಕಾರಿ ಚಟುವಟಿಕೆಗಳ ತಡೆ ಅಧಿನಿಯಮದ 15ನೆಯ ಕಲಮು, ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಅವಕಾಶ ನೀಡಿತು. 1993ರ ತಿದ್ದುಪಡಿಯ ನಂತರ ಅದು ಸಹ ಆರೋಪಿಗಳ ವಿರುದ್ಧವೂ ಬಳಕೆಯಾಗಬಹುದಾಯಿತು. ಬರಹದಲ್ಲಾಗಲಿ, ಕ್ಯಾಸೆಟ್ಟಿನಂಥ ಧ್ವನಿಮುದ್ರಣ ಸಾಧನದಲ್ಲಾಗಲಿ ದಾಖಲಿಸಬಹುದು ಎಂದು ಕಲಮು ಹೇಳಿತು. ಆರೋಪಿಯ ಸ್ವಂತ ಮಾತನ್ನು ಸ್ವಂತ ದನಿಯಲ್ಲಿ ಉಳಿಸುವ ಉಪಾಯ ಶಾಸನಕಾರರಿಗೆ ತಿಳಿದಿತ್ತು. ಅದನ್ನು ಕಡ್ಡಾಯ ಮಾಡದೆ ಅಧಿಕಾರಿಯ ಆಯ್ಕೆಗೆ ಬಿಡಲಾಯಿತು.

ಇದಕ್ಕಿಂತ ಗಮನಾರ್ಹವಾದುದು ಟಾಡಾ ನಿಯಮಾವಳಿಯ 15ನೆಯ ನಿಯಮ. ತಪ್ಪೊಪ್ಪಿಗೆಯನ್ನು ಅದು ಮಾಡಲಾದ ಭಾಷೆಯಲ್ಲೇ ತಪ್ಪದೆ ದಾಖಲಿಸಬೇಕು ಎಂದು ಆ ನಿಯಮ ಆರಂಭವಾಗುತ್ತದೆ. ಅದೇ ವಾಕ್ಯದಲ್ಲಿ, ಅದು ಕಾರ್ಯಸಾಧ್ಯವಲ್ಲದಿದ್ದಲ್ಲಿ ಅಧಿಕಾರಿ ತನ್ನ ಕಚೇರಿ ಕೆಲಸಕ್ಕೆ ಬಳಸುವ ಭಾಷೆಯಲ್ಲಿ ಅಥವಾ ನಿಯುಕ್ತ ನ್ಯಾಯಾಲಯದ ಭಾಷೆಯಲ್ಲಿ ದಾಖಲಿಸಬಹುದು ಎಂದು ಮುಗಿಯುತ್ತದೆ. ‘ತಪ್ಪದೆ’ ಎಂಬ ಪದದ ಬಲವನ್ನು ‘ಕಾರ್ಯಸಾಧ್ಯವಲ್ಲದಿದ್ದಲ್ಲಿ’ ಎಂಬ ಪದ ಕಳೆಯುತ್ತದೆ. ಕಾರ್ಯಸಾಧ್ಯವೇ ಅಲ್ಲವೇ ಎಂದು ನಿರ್ಧರಿಸುವವನು ಬರೆದುಕೊಳ್ಳುವ ಅಧಿಕಾರಿಯೇ. ದಾಖಲೆಯನ್ನು ಆರೋಪಿಗೆ ತೋರಿಸಬೇಕು, ಓದಿ ಹೇಳಬೇಕು ಎಂದೂ ನಿಯಮವಿತ್ತು. ಯಾವ ಭಾಷೆಯಲ್ಲಿ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ರಾಜ್ಯದ ನಡುಭಾಗದಲ್ಲಿ ಈ ವಾಕ್ಯದ ಮೂರು ಭಾಷೆಗಳು ಸಾಮಾನ್ಯವಾಗಿ ಒಂದೇ. ಮಂಡ್ಯದ ಆರೋಪಿಗೂ ಅಧಿಕಾರಿಗೂ ನ್ಯಾಯಾಲಯಕ್ಕೂ ಕನ್ನಡವೇ. ಅಲ್ಲಿ ವಿನಾಯಿತಿ ನಿರುಪದ್ರವಿ. ತಾಳವಾಡಿ, ಹೊಸೂರು, ಜತ್ತ, ಅಕ್ಕಲಕೋಟೆ, ಆದೋನಿ, ಮಡಕಶಿರಾಗಳಲ್ಲಿ ಆರೋಪಿಯ ಭಾಷೆ ಒಂದಾಗಿರುತ್ತದೆ, ಉಳಿದೆರಡು ಬೇರೆಯಾಗಿರುತ್ತವೆ. ಇಡೀ ದೇಶಕ್ಕೆ ಅನ್ವಯಿಸುವ ಈ ವಿನಾಯಿತಿಯ ಭಾರ, ಹೀಗೆ ಗಡಿಯ ಅಲ್ಪಸಂಖ್ಯಾತನ ಮೇಲೆ ಮಾತ್ರ ಬೀಳುತ್ತದೆ.

3

ಇದು ಊಹೆಯ ಪ್ರಶ್ನೆಯಲ್ಲ. 1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಬಂತು. ಕನ್ನಡದ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಈಚೆಗೆ ಗೋಪಿನಾಥದಂಥ ತಮಿಳು ಮಾತಾಡುವ ಹಳ್ಳಿಗಳು, ಆಚೆಗೆ ಗಾಜನೂರಿನಂಥ ಕನ್ನಡ ಹಳ್ಳಿಗಳು, ಎರಡೂ ಕಡೆಯ ಕಾಡಿನಲ್ಲಿ ಸೋಲಿಗರು. ವೀರಪ್ಪನ್ ಕಾರ್ಯಾಚರಣೆ ನಡೆದದ್ದು ಈ ಭಾಷಾಸಂಗಮದಲ್ಲಿ.

ಅಲ್ಲಿನ ಹಿಂಸೆಯನ್ನು ಕಡಿಮೆ ಮಾಡಿ ಹೇಳುವುದು ನ್ಯಾಯವಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರಲ್ಲಿ ಹತರಾದರು. 1992ರಲ್ಲಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿಗೆ 22 ಮಂದಿ ಬಲಿಯಾದರು. ಪ್ರಭುತ್ವ ಸುಮ್ಮನಿರಬೇಕಿತ್ತು ಎಂದು ಯಾರೂ ವಾದಿಸಲಾರರು. ಕರ್ನಾಟಕ ಮತ್ತು ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳು ಕಾಡಿಗಿಳಿದವು. ಗಡಿಯ ಎರಡೂ ಬದಿಯ ನೂರಕ್ಕೂ ಹೆಚ್ಚು ಜನ ಟಾಡಾ ಅಡಿಯಲ್ಲಿ ಮೈಸೂರಿನ ನಿಯುಕ್ತ ನ್ಯಾಯಾಲಯದ ಮುಂದೆ ವಿಚಾರಣೆಗೆ ಒಳಗಾದರು. 1995ರ ಮೇ ತಿಂಗಳಲ್ಲಿ ಅಧಿನಿಯಮ ಅವಧಿ ಮುಗಿದು ಬಿದ್ದುಹೋಯಿತು. ಅದನ್ನು ಮುಂದುವರಿಸಬಾರದೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಸಂಸದರಿಗೆ ಪತ್ರ ಬರೆದಿದ್ದರು. ಆದರೆ ಬಾಕಿಯಿದ್ದ ಪ್ರಕರಣಗಳು ಸತ್ತ ಕಾನೂನಿನಡಿಯಲ್ಲೇ ಮುಂದುವರಿದವು.

2000ದ ಜುಲೈ 30ರಂದು ತಾಳವಾಡಿಯ ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರ ಅಪಹರಣವಾಯಿತು. ಅಪಹರಣಕಾರನ ಬೇಡಿಕೆಗಳಲ್ಲಿ ಟಾಡಾ ಕೈದಿಗಳ ಬಿಡುಗಡೆಯಿತ್ತು; ಕರ್ನಾಟಕದಲ್ಲಿ ತಮಿಳನ್ನು ಹೆಚ್ಚುವರಿ ಆಡಳಿತ ಭಾಷೆಯಾಗಿಸಬೇಕು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣಗೊಳಿಸಬೇಕು ಎಂಬವೂ ಇದ್ದವು. ಭಾಷಾ ಅಲ್ಪಸಂಖ್ಯಾತರ ಪ್ರಶ್ನೆಯನ್ನು ಬಂದೂಕಿನ ತುದಿಗೆ ಕಟ್ಟಿದ ಆ ಕ್ರಮ, ಎರಡೂ ರಾಜ್ಯಗಳ ಅಲ್ಪಸಂಖ್ಯಾತರಿಗೆ ದೀರ್ಘಕಾಲದ ಹಾನಿ ಮಾಡಿತು. ಸರ್ಕಾರ ಟಾಡಾ ಆರೋಪಗಳನ್ನು ಹಿಂಪಡೆಯಲು ಮುಂದಾದಾಗ, ಹತರಾದ ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 2000ದ ನವೆಂಬರ್ 7ರಂದು ನ್ಯಾಯಾಲಯ ಆ ಹಿಂಪಡೆತವನ್ನು ತಡೆಯಿತು. 108 ದಿನಗಳ ನಂತರ ರಾಜ್‌ಕುಮಾರ್ ಬಿಡುಗಡೆಯಾದರು.

ಅಬ್ದುಲ್ ಕರೀಂ ತೀರ್ಪು ಕಾನೂನಿನ ಆಳ್ವಿಕೆಯ ಸಮರ್ಥನೆಯಾಗಿ ಪ್ರಸಿದ್ಧವಾಗಿದೆ. ಆ ಪ್ರಸಿದ್ಧಿ ಯೋಗ್ಯವಾದುದೇ. ಸರ್ಕಾರಿ ಅಭಿಯೋಜಕನು ಸ್ವತಂತ್ರವಾಗಿ ವಿವೇಚಿಸದೆ ಸರ್ಕಾರದ ಇಚ್ಛೆಗೆ ಮುದ್ರೆಯೊತ್ತಬಾರದು ಎಂಬ ಅದರ ನಿಲುವು ಸರಿಯಾದುದು. ಆದರೂ ಪಠ್ಯವಾಗಿ ಓದಿದಾಗ ಅಲ್ಲೊಂದು ಮೌನವಿದೆ. ಅಪಹೃತ ನಟ, ಮಗನನ್ನು ಕಳೆದುಕೊಂಡ ತಂದೆ, ಆತಂಕಗೊಂಡ ಸರ್ಕಾರ, ಕರ್ತವ್ಯ ಮರೆತ ಅಭಿಯೋಜಕ ಎಲ್ಲರಿಗೂ ಆ ಕಥನದಲ್ಲಿ ಸ್ಥಾನವಿದೆ. ಕೈದಿಗಳು ಮಾತ್ರ ವಿನಿಮಯದ ವಸ್ತುಗಳಾಗಿ ಬರುತ್ತಾರೆ. ಅವರು ಯಾವ ಊರಿನವರು, ಯಾವ ನುಡಿಯವರು, ಅವರ ವಿರುದ್ಧ ಇದ್ದ ಸಾಕ್ಷ್ಯ ಹೇಗೆ ಹುಟ್ಟಿತು ಎಂಬುದು ಆ ಪ್ರಕರಣದ ಪ್ರಶ್ನೆಯಾಗಲಿಲ್ಲ. ಮುಂದಿನ ವರ್ಷ, 2001ರಲ್ಲಿ, ಮೈಸೂರಿನ ನ್ಯಾಯಾಲಯ ವಿಚಾರಣೆ ಎದುರಿಸಿದವರಲ್ಲಿ ಬಹುಪಾಲು ಜನರನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಹಲವರ ಬದುಕಿನ ಏಳೆಂಟು ವರ್ಷಗಳು ಸೆರೆಯಲ್ಲಿ ಕಳೆದಿದ್ದವು. ಶಿಕ್ಷೆಗೊಳಗಾದವರಲ್ಲಿ ನಾಲ್ವರ ಜೀವಾವಧಿಯನ್ನು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿಯ ನಿರ್ಣಯದಲ್ಲಾದ ವಿಳಂಬದ ಕಾರಣ 2014ರ ಶತ್ರುಘ್ನ ಚೌಹಾಣ್ ತೀರ್ಪು ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಕಾರ್ಯಪಡೆಗಳ ಮೇಲಿನ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. ಅದರ ವರದಿಯ ಆಧಾರದಲ್ಲಿ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಎರಡೂ ಸರ್ಕಾರಗಳಿಗೆ ಹೇಳಿತು. ತಕ್ಕಡಿಯ ಭಾಷೆಯಲ್ಲಿ ಹೇಳುವುದಾದರೆ, ತೂಕ ತಪ್ಪಿದ್ದು ಅಳೆಯಲು ಸಾಧ್ಯವಾದದ್ದು ಎಲ್ಲ ಮುಗಿದ ಮೇಲೆ.

ಈ ಪ್ರಕರಣಗಳ ಯಾವ ದಾಖಲೆ ಯಾವ ಭಾಷೆಯಲ್ಲಿತ್ತು ಎಂಬ ನಿರ್ಣಯ ಇಲ್ಲಿನ ಉದ್ದೇಶವಲ್ಲ. ಎರಡು ರಾಜ್ಯಗಳ ಪಡೆಗಳು ಒಂದೇ ಕಾಡಿನಲ್ಲಿ ಇದ್ದಾಗ, ಒಂದೇ ಹಳ್ಳಿಯ ಒಬ್ಬನ ಮಾತು ಕನ್ನಡದಲ್ಲಿ ದಾಖಲಾಗುವುದೋ ತಮಿಳಿನಲ್ಲೋ ಎಂಬುದು ಅವನನ್ನು ಯಾವ ರಾಜ್ಯದ ಜೀಪಿಗೆ ಹತ್ತಿಸಲಾಯಿತು ಎಂಬುದರ ಮೇಲೆ ನಿಲ್ಲುವುದಕ್ಕೆ 15ನೆಯ ನಿಯಮ ದಾರಿ ಬಿಟ್ಟಿತ್ತು ಎಂಬುದಷ್ಟೇ ಇಲ್ಲಿನ ವಾದ.

4

ಗಡಿನಾಡಿನವರು ದ್ವಿಭಾಷಿಗಳು, ಅವರಿಗೆ ಎರಡೂ ಬರುತ್ತವೆ, ಆದ್ದರಿಂದ ತೊಂದರೆಯೇನು ಎಂಬ ಆಕ್ಷೇಪ ಸಹಜ. ಒಂದು ಭಾಷೆ ‘ಬರುತ್ತದೆ’ ಎಂಬುದು ಯಾವ ಸಂದರ್ಭಕ್ಕೆ ಎಂಬುದು ಮುಖ್ಯ. ಸಂತೆಯಲ್ಲಿ ದನದ ಬೆಲೆ ಕುದುರಿಸಲು ಸಾಕಾಗುವ ತಮಿಳು, ಬಸ್ಸಿನಲ್ಲಿ ಸಾಕಾಗುವ ಮರಾಠಿ, ತನ್ನ ಪ್ರಾಣವನ್ನು ಪಣಕ್ಕಿಟ್ಟ ಹೇಳಿಕೆಯ ಕ್ರಿಯಾಪದಗಳನ್ನು ಪರಿಶೀಲಿಸಲು ಸಾಕಾಗುವುದಿಲ್ಲ. ದ್ರಾವಿಡ ಭಾಷೆಗಳು ಹತ್ತಿರದವು ಎಂಬ ಸಮಾಧಾನವೂ ಇಲ್ಲಿ ಅಪಾಯಕಾರಿ. ಕೆಳಗಿನ ನಿದರ್ಶನಗಳು ಯಾವುದೇ ಪ್ರಕರಣದವಲ್ಲ. ವ್ಯಾಕರಣದಿಂದ ಹುಟ್ಟುವ ಸಾಧ್ಯತೆಗಳು.

‘ನಾವು ನಾಳೆ ಹೊರಡುತ್ತೇವೆ ಎಂದು ಅವನು ನನಗೆ ಹೇಳಿದ’ ಎಂಬ ಕನ್ನಡ ವಾಕ್ಯದಲ್ಲಿ, ಹೊರಡುವವರಲ್ಲಿ ಕೇಳುತ್ತಿದ್ದವನೂ ಸೇರಿದ್ದನೇ ಎಂಬುದು ತೆರೆದ ಪ್ರಶ್ನೆ. ಇಂದಿನ ಕನ್ನಡದ ‘ನಾವು’ ಆ ಭೇದವನ್ನು ತೋರುವುದಿಲ್ಲ. ಸುತ್ತಲಿನ ಭಾಷೆಗಳು ತೋರುತ್ತವೆ: ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’, ಮಲಯಾಳದಲ್ಲಿ ‘ನಮ್ಮಳ್’ ಮತ್ತು ‘ಞಙ್ಙಳ್’, ತೆಲುಗಿನಲ್ಲಿ ‘ಮನಂ’ ಮತ್ತು ‘ಮೇಮು’, ಮರಾಠಿಯಲ್ಲಿ ‘ಆಪಣ’ ಮತ್ತು ‘ಆಮ್ಹೀ’. ಪ್ರತಿ ಜೋಡಿಯಲ್ಲಿ ಮೊದಲನೆಯದು ಕೇಳುಗನನ್ನು ಸೇರಿಸಿಕೊಳ್ಳುತ್ತದೆ, ಎರಡನೆಯದು ಹೊರಗಿಡುತ್ತದೆ. ಈ ಕನ್ನಡ ವಾಕ್ಯವನ್ನು ಆ ಯಾವ ಭಾಷೆಯಲ್ಲಿ ಬರೆದುಕೊಳ್ಳುವ ಅಧಿಕಾರಿಯೂ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಒಂದನ್ನು ಆರಿಸಿದರೆ ಆರೋಪಿ ಸುದ್ದಿ ಕೇಳಿದವನು. ಇನ್ನೊಂದನ್ನು ಆರಿಸಿದರೆ ಒಳಸಂಚಿನ ಸದಸ್ಯ. ಆರೋಪಿ ಹೇಳದ ಸಂಗತಿಯೊಂದನ್ನು ವ್ಯಾಕರಣವೇ ಹೇಳಿಸುತ್ತದೆ, ಅದೂ ಯಾರ ದುರುದ್ದೇಶವೂ ಇಲ್ಲದೆ.

‘ಅವರು ಬಂದು ಹೋದರು’ ಎಂಬಲ್ಲಿ ‘ಅವರು’ ಒಬ್ಬ ಹಿರಿಯನೂ ಆಗಬಹುದು, ಗುಂಪೂ ಆಗಬಹುದು. ಇದು ಇಂಗ್ಲಿಷಿಗೆ ಹೋಗುವಾಗ ಗುಂಪಾಗಿಬಿಡುವುದು ಸುಲಭ. ಮಲಯಾಳದ ಕ್ರಿಯಾಪದ ಪುರುಷವಚನಗಳನ್ನು ಸೂಚಿಸುವುದಿಲ್ಲ. ಕಾಸರಗೋಡಿನವನೊಬ್ಬ ‘ಬಂದೆ’, ‘ಬಂದ’, ‘ಬಂದರು’ ಎಂದು ಬಿಡಿಸಿ ಹೇಳಿದ್ದು, ಸರ್ವನಾಮವನ್ನು ಕೈಬಿಟ್ಟು ಮಲಯಾಳದಲ್ಲಿ ಬರೆದರೆ ಒಂದೇ ರೂಪಕ್ಕೆ ಇಳಿಯುತ್ತದೆ. ಇನ್ನು ‘ಅಕ್ಕಿ ಕೊಡಬೇಕಾಗಿ ಬಂತು’ ಎಂಬ ಮಾತಿನಲ್ಲಿರುವ ಬಲವಂತ, ‘ಆರೋಪಿಯು ಆಹಾರಧಾನ್ಯ ಪೂರೈಸಿದನು’ ಎಂಬ ಕಚೇರಿ ವಾಕ್ಯದಲ್ಲಿ ಉಳಿಯುವುದಿಲ್ಲ. ಬಂದೂಕು ಹಿಡಿದವರಿಗೆ ಅಕ್ಕಿ ಕೊಡದಿರಲು ಸಾಧ್ಯವಿಲ್ಲದ ಕಾಡಂಚಿನ ಹಳ್ಳಿಗೆ, ಈ ಎರಡು ಕ್ರಿಯಾಪದಗಳ ನಡುವಿನ ಅಂತರ ನಿರಪರಾಧ ಮತ್ತು ಆಶ್ರಯಾಪರಾಧಗಳ ನಡುವಿನ ಅಂತರ.

5

ನ್ಯಾಯಾಲಯಗಳು ಈ ಪ್ರಶ್ನೆಗೆ ಪೂರ್ಣ ಕಿವುಡಾಗಿರಲಿಲ್ಲ. ಸಂವಿಧಾನದ 22(5)ನೆಯ ಅನುಚ್ಛೇದ ಪ್ರತಿಬಂಧಕ ಸ್ಥಾನಬದ್ಧತೆಯ ಕಾರಣಗಳನ್ನು ಬಂಧಿತನಿಗೆ ತಿಳಿಸಬೇಕು ಎನ್ನುತ್ತದೆ. ಭಾಷೆಯ ಮಾತನ್ನು ಎತ್ತುವುದಿಲ್ಲ. 1962ರ ಹರಿಕಿಶನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದ ಬಂಧಿತನಿಗೆ ಇಂಗ್ಲಿಷ್ ಪತ್ರ ಕೊಟ್ಟು, ಅಧಿಕಾರಿಯೊಬ್ಬ ಹಿಂದಿಯಲ್ಲಿ ಬಾಯಿಮಾತಿನ ವಿವರಣೆ ನೀಡಿದ್ದು ಸಾಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 1980ರ ಲಲ್ಲೂಭಾಯಿ ಪ್ರಕರಣದಲ್ಲಿ ಗುಜರಾತಿ ಮಾತ್ರ ಬಲ್ಲವನ ವಿಷಯದಲ್ಲಿ ಇದೇ ನಿಲುವು ಮುಂದುವರಿಯಿತು. ತಿಳಿಸುವುದೆಂದರೆ ಕೈಗೆ ಕಾಗದ ಕೊಡುವುದಲ್ಲ, ಅರ್ಥ ಮುಟ್ಟಿಸುವುದು ಎಂಬ ಈ ಓದು ಭಾರತೀಯ ನ್ಯಾಯಶಾಸ್ತ್ರದ ಒಳ್ಳೆಯ ಸಾಧನೆಗಳಲ್ಲೊಂದು.

ತಪ್ಪೊಪ್ಪಿಗೆಯ ವಿಷಯದಲ್ಲಿ ಕಥೆ ಬೇರೆ. 1994ರ ಕರ್ತಾರ್ ಸಿಂಗ್ ತೀರ್ಪಿನಲ್ಲಿ ಐವರ ಪೀಠದ ಮೂವರು 15ನೆಯ ಕಲಮನ್ನು ಎತ್ತಿಹಿಡಿದರು, ನ್ಯಾಯಮೂರ್ತಿಗಳಾದ ಕೆ. ರಾಮಸ್ವಾಮಿ ಮತ್ತು ಆರ್.ಎಂ. ಸಹಾಯ್ ಭಿನ್ನಮತ ಬರೆದರು. ಬಹುಮತವೂ ಅಳುಕಿನಿಂದಲೇ ಮಾರ್ಗಸೂಚಿಗಳನ್ನು ಹಾಕಿತು. ಅವುಗಳಲ್ಲಿ ಮೊದಲನೆಯದೇ ಭಾಷೆಯದು: ಮುಕ್ತ ವಾತಾವರಣದಲ್ಲಿ, ವಿಚಾರಿಸಿದ ಭಾಷೆಯಲ್ಲೇ, ಆರೋಪಿ ಹೇಳಿದಂತೆಯೇ ದಾಖಲಿಸಬೇಕು. ‘ಕಾರ್ಯಸಾಧ್ಯವಲ್ಲದಿದ್ದಲ್ಲಿ’ ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ಆದರೆ 2001ರ ಲಾಲ್ ಸಿಂಗ್ ತೀರ್ಪಿನ ಹೊತ್ತಿಗೆ, ಮಾರ್ಗಸೂಚಿ ಪಾಲನೆಯಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ತಪ್ಪೊಪ್ಪಿಗೆ ಬಿದ್ದುಹೋಗುವುದಿಲ್ಲ ಎಂಬ ನಿಲುವು ಬಂತು. ಒಂದು ಪೀಠ ಹಕ್ಕಾಗಿ ಬರೆದದ್ದು ಇನ್ನೊಂದು ಪೀಠದ ಕೈಯಲ್ಲಿ ಸದಾಶಯವಾಯಿತು. ಉಲ್ಲಂಘಿಸಿದರೆ ಪರಿಣಾಮವಿಲ್ಲದ ರಕ್ಷಣೆ ರಕ್ಷಣೆಯಲ್ಲ.

ಆಮೇಲಿನ ಶಾಸನಗಳು ಪಾಠ ಕಲಿತವು ಎಂಬುದನ್ನು ಒಪ್ಪಬೇಕು. 2002ರ ಪೋಟಾ, ತಪ್ಪೊಪ್ಪಿಗೆ ಮಾಡಿದ ಭಾಷೆಯಲ್ಲೇ ಇರಬೇಕೆಂದು ಶಾಸನದಲ್ಲೇ ಬರೆಯಿತು. ಸೋಲಾಪುರ, ಜತ್ತಗಳಿಗೆ ಅನ್ವಯಿಸುವ ಮಹಾರಾಷ್ಟ್ರದ 1999ರ ಮಕೋಕಾದಲ್ಲೂ ಕರ್ತಾರ್ ಸಿಂಗ್ ಮಾರ್ಗಸೂಚಿಯ ಪದಗಳೇ ಸೇರಿವೆ. 2004ರಲ್ಲಿ ಪೋಟಾ ರದ್ದಾಗಿ, ಯುಎಪಿಎ ಭಯೋತ್ಪಾದನೆಯ ಮುಖ್ಯ ಕಾನೂನಾಯಿತು; ಪೊಲೀಸ್ ತಪ್ಪೊಪ್ಪಿಗೆಯ ಕಲಮು ಅದರಲ್ಲಿಲ್ಲ. ಇದು ಸಣ್ಣ ಗೆಲುವಲ್ಲ. ಆದರೆ ಭಾಷೆಯ ಪ್ರಶ್ನೆ ಅಲ್ಲಿ ಬೇರೆ ಬಾಗಿಲಿನಿಂದ ಬರುತ್ತದೆ. 2008ರ ತಿದ್ದುಪಡಿಯ 43ಡಿ(5) ಕಲಮಿನಂತೆ, ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಸಕಾರಣವಿದ್ದರೆ ಜಾಮೀನಿಲ್ಲ. ಈ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗಬಾರದೆಂದು 2019ರ ವಟಾಲಿ ತೀರ್ಪು ಹೇಳಿತು. ಹಾಗಾದರೆ ದೂರವಾಣಿಯ ಸಂಭಾಷಣೆಯ ಅನುವಾದದಲ್ಲಿ ‘ನಾವು’ ಎಂಬುದು ‘ಮನಂ’ ಆಗಿದ್ದರೆ, ಅನುವಾದಕನ ಆಯ್ಕೆ ಪ್ರಶ್ನೆಗೊಳಗಾಗುವುದು ವಿಚಾರಣೆಯಲ್ಲಿ; ವಿಚಾರಣೆ ವರ್ಷಗಳ ನಂತರ. ವಿಚಾರಣೆ ವಿಪರೀತ ವಿಳಂಬವಾದಾಗ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು 2021ರ ನಜೀಬ್ ತೀರ್ಪು ಹೇಳಿದ್ದು ಪರಿಹಾರವೇ ಹೌದು. ಕಳೆದ ಕಾಲವನ್ನು ಅದು ಹಿಂದಿರುಗಿಸುವುದಿಲ್ಲ.

ಬಂಧನದ ಕಾರಣಗಳ ಮಟ್ಟಿಗೆ ಈಚಿನ ಬೆಳವಣಿಗೆ ಆಶಾದಾಯಕ. 2024ರ ಪ್ರಬೀರ್ ಪುರಕಾಯಸ್ಥ ತೀರ್ಪು ಯುಎಪಿಎ ಬಂಧನದಲ್ಲೂ ಕಾರಣಗಳನ್ನು ಲಿಖಿತವಾಗಿ ನೀಡಬೇಕೆಂದಿತು. 2025ರ ಮಿಹಿರ್ ರಾಜೇಶ್ ಶಾ ತೀರ್ಪು ಅವು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಸೇರಿಸಿತು. ಹರಿಕಿಶನ್ ತೀರ್ಪಿನ ತರ್ಕ ಸಾಮಾನ್ಯ ಬಂಧನವನ್ನು ತಲುಪಲು ಆರು ದಶಕಗಳು ಬೇಕಾದವು.

6

ಉಳಿದಿರುವ ಕೊರತೆ ಅನುವಾದಕನದು. ಭಾರತ 1979ರಲ್ಲಿ ಸೇರಿದ ಪೌರ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೆಯ ಅನುಚ್ಛೇದ, ನ್ಯಾಯಾಲಯದ ಭಾಷೆ ಬಾರದ ಆರೋಪಿಗೆ ಉಚಿತ ದುಭಾಷಿಯ ನೆರವನ್ನು ಹಕ್ಕಾಗಿ ಹೇಳುತ್ತದೆ. ಅರ್ಹತೆ, ಅನುಭವ, ಶುಲ್ಕಗಳನ್ನು ನಿಗದಿಪಡಿಸಿದ ಅನುವಾದಕನ ನೆರವನ್ನು ಹೇಗೆ ಬರೆಯಬೇಕೆಂಬುದು ಸಂಸತ್ತಿಗೆ ತಿಳಿಯದ್ದೂ ಅಲ್ಲ. ಮಕ್ಕಳಿಗಾಗಿ 2012ರ ಪೋಕ್ಸೊ ಅಧಿನಿಯಮದಲ್ಲಿ ಅದನ್ನು ಬರೆದಿದೆ. ಭಯೋತ್ಪಾದನೆಯ ತನಿಖೆಗೆ ಅಂಥ ಕಲಮು ಬೇಕಾಗಿಲ್ಲ ಎನ್ನಲು ಭದ್ರತೆಯ ಕಾರಣವೊಂದೂ ಇಲ್ಲ. ತಪ್ಪಾಗಿ ದಾಖಲಾದ ಹೇಳಿಕೆ ನಿರಪರಾಧಿಯನ್ನು ಒಳಗಿಡುವಂತೆ ಅಪರಾಧಿಯನ್ನು ಹೊರಗೂ ಬಿಡುತ್ತದೆ. ಪಾಲಾರಿನಲ್ಲಿ ಸತ್ತವರ ಕುಟುಂಬಗಳಿಗೆ ಬೇಕಾದದ್ದು ಸರಿಯಾದವರ ಶಿಕ್ಷೆಯೇ ಹೊರತು ಸಿಕ್ಕವರ ಶಿಕ್ಷೆಯಲ್ಲ. ಈ ಒಂದು ವಿಷಯದಲ್ಲಾದರೂ ಭದ್ರತೆ ಮತ್ತು ಸ್ವಾತಂತ್ರ್ಯ ಎದುರುಬದುರಿನ ತಟ್ಟೆಗಳಲ್ಲಿಲ್ಲ.

ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೂ ಇಲ್ಲೊಂದು ವಿಮರ್ಶೆಯಿದೆ. ಕೇರಳದ 1969ರ ರಾಜಭಾಷಾ ಅಧಿನಿಯಮದಂತೆ ಕಾಸರಗೋಡಿನ ಕನ್ನಡಿಗ ಸರ್ಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ಶಾಲೆ, ಪಠ್ಯಪುಸ್ತಕ, ಅರ್ಜಿ ನಮೂನೆ, ನಾಮಫಲಕಗಳಿಗಾಗಿ ದಶಕಗಳ ಹೋರಾಟ ನಡೆದಿದೆ, ಅದರ ದಾಖಲೆಯೂ ಆಗಿದೆ. ಠಾಣೆಯ ಮೇಜು ಆ ಪಟ್ಟಿಗೆ ಸೇರಲಿಲ್ಲ. ಪಡಿತರ ಚೀಟಿಯನ್ನು ತನ್ನ ನುಡಿಯಲ್ಲಿ ಕೇಳಬಲ್ಲವನು ತನ್ನ ನಿರಪರಾಧವನ್ನು ತನ್ನ ನುಡಿಯಲ್ಲಿ ದಾಖಲಿಸಲಾರದಿದ್ದರೆ, ಭಾಷಾಹಕ್ಕಿನ ಅತಿ ತುರ್ತಿನ ಭಾಗವೇ ಹೊರಗುಳಿದಂತೆ. ಕನ್ನಡ–ಮರಾಠಿ, ಕನ್ನಡ–ತಮಿಳು, ಕನ್ನಡ–ತೆಲುಗು, ಕನ್ನಡ–ಮಲಯಾಳಗಳಲ್ಲಿ ಅರ್ಥ ಜಾರುವ ಸ್ಥಾನಗಳನ್ನು, ಮೇಲಿನ ‘ನಾವು’ ಅಂಥವನ್ನು, ಪಟ್ಟಿ ಮಾಡಿ ನ್ಯಾಯಾಲಯಗಳಿಗೂ ವಕೀಲರಿಗೂ ಒದಗಿಸಬಲ್ಲವರು ದ್ವಿಭಾಷಾ ವಿದ್ವಾಂಸರೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 113ನೆಯ ಕಲಮು ಭಯೋತ್ಪಾದಕ ಕೃತ್ಯವನ್ನು ಸಾಮಾನ್ಯ ದಂಡಶಾಸನದೊಳಗೂ ತಂದಿದೆ. ಅಪವಾದದ ಕಾನೂನು ನಿತ್ಯದ ಕಾನೂನಾಗುತ್ತಿರುವಾಗ, ಅದರ ಬರವಣಿಗೆ ಯಾರ ನುಡಿಯಲ್ಲಿ ನಡೆಯುತ್ತದೆ ಎಂಬುದೂ ನಿತ್ಯದ ಪ್ರಶ್ನೆ. ಟಾಡಾದ ನಿಯಮ ಇಂದು ಜಾರಿಯಲ್ಲಿಲ್ಲ. ‘ಕಾರ್ಯಸಾಧ್ಯವಲ್ಲದಿದ್ದಲ್ಲಿ’ ಎಂಬ ಮನೋಭಾವ ಮಾತ್ರ, ಅನುವಾದಕನಿಗೆ ಹಣವೂ ಹುದ್ದೆಯೂ ಇಲ್ಲದ ಪ್ರತಿ ಗಡಿಠಾಣೆಯಲ್ಲಿ ಜಾರಿಯಲ್ಲಿದೆ.